ಹೋಗಿ ಬರುವ ಮಂದಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ನಮ್ಮ ಸೀಮೆಯಲ್ಲಿ ಮನೆಯೆಂಬುದು ಹುಡುಕಿ ಪಡೆಯತಕ್ಕ ವಸ್ತುವಲ್ಲ. ಅಡ್ಡಹೆಸರು, ಹಿರಿಯರ ಸಾಲ ಇವುಗಳೊಡನೆ ಅದೂ ಹುಟ್ಟಿನಿಂದಲೇ ಮನುಷ್ಯನ ಕೊರಳಿಗೆ ಬಂದಿರುತ್ತದೆ. ವರ್ಗವಾಗಿ ಬಂದ ಮಾಸ್ತರರಿಗೋ ತಾಲೂಕು ಕಚೇರಿಯ ಗುಮಾಸ್ತರಿಗೋ ಬಾಡಿಗೆಯ ಮನೆ ಬೇಕಾದರೂ ಅವರು ಅಲೆದಾಡುವ ಪ್ರಮೇಯವಿಲ್ಲ, ಬಸ್ ನಿಲ್ದಾಣದೆದುರಿನ ಅಂಗಡಿಯಲ್ಲಿ ಟ್ರಂಕನ್ನಿಳಿಸಿ, ಒಂದು ಚಹಾ ಹೇಳಿ, "ಇಲ್ಲೆ ಎಲ್ಲ್ಯರ ಮನಿ ಖಾಲಿ ಅದಾವೇನ್ರಿ?" ಎಂದು ಕೇಳಿದರಾಯಿತು, ಚಹಾ ಆರುವುದರೊಳಗಾಗಿ ಮನೆಯ ಒಡೆಯನೂ ಅವನ ಕೈಯಲ್ಲಿಯ ಕೀಲಿಕೈಯೂ ಅಲ್ಲಿಗೇ ಬಂದು ನಿಲ್ಲುತ್ತವೆ.

ಕೃಷ್ಣೆಯ ದಂಡೆಯ ನಮ್ಮ ಬೀಗರ ಅನುಭವವಂತೂ ಇನ್ನೂ ವಿಲಕ್ಷಣವಾದುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಕಾಲಾಂತರದಲ್ಲಿ ಎದ್ದು ನಿಂತು, ಹಿನ್ನೀರು ಏರುತ್ತ ಹೊಲ ಗದ್ದೆಗಳನ್ನು ದಾಟಿ ಊರ ಅಗಸೆಯವರೆಗೆ ಬಂದಾಗ, ಅವರು ಮನೆಯನ್ನು ಹುಡುಕಿಕೊಂಡು ಹೋಗುವ ಬದಲು ನದಿಯೇ ಅವರ ಮನೆಯನ್ನು ಹುಡುಕಿಕೊಂಡು ಬಂದಂತಾಯಿತು. ಪುನರ್ವಸತಿ ಕೇಂದ್ರವೆಂಬ ಹೊಸ ಊರಿಗೆ ಹೋಗಿ ನೆಲೆಸಿದಾಗಲೂ ಹಳೆಯ ಓಣಿಯ ನೆರೆಹೊರೆಯವರನ್ನು, ಅವರೊಡನಿದ್ದ ಜಗಳಗಳನ್ನು, ಅವರು ಜತನದಿಂದ ಒಯ್ದರು.

ಇಂತಹ ಸೀಮೆಯವನಾದ ನಾನು ಉದರನಿಮಿತ್ತವಾಗಿ ಬೆಂಗಳೂರಿಗೆ ಬಂದು, ಸಂಸಾರಸಮೇತನಾಗಿ ವಾಸಿಸಲು ಯೋಗ್ಯವಾದ ಮನೆಯನ್ನು ಅರಸತೊಡಗಿದಾಗ ಮೊದಲು ಪರಿಚಯವಾದವನು ಬ್ರೋಕರನು. ಆತನ ಭೂಗೋಳಜ್ಞಾನ ಅಪೂರ್ವವಾದುದು. ಆತನ ಪಾಲಿಗೆ ನಗರದ ಪ್ರತಿಯೊಂದು ಮನೆಯೂ "ಮೆಟ್ರೋ ಪಕ್ಕದಲ್ಲೇ" ಇರುತ್ತದೆ. ದೂರದ ವಿಷಯದಲ್ಲಿ ನಾವೇನೂ ಎಳೆಯರಲ್ಲ. ಇಂಡಿ ರೋಡ್ ನಿಲ್ದಾಣದಲ್ಲಿ ಇಳಿದವನಿಗೆ ಇಂಡಿ ಕಾಣದು, ಬಸವನ ಬಾಗೇವಾಡಿ ರೋಡಿನಲ್ಲಿ ಇಳಿದವನಿಗೆ ಬಾಗೇವಾಡಿ ಕಾಣದು, ಸಿಂದಗಿ ಮುದ್ದೇಬಿಹಾಳಗಳಿಗಾದರೋ ರೈಲೇ ಕಾಣದು. ಆದರೆ ರೈಲ್ವೆಯವರು ಊರ ಹೆಸರಿಗೆ 'ರೋಡ್' ಎಂಬುದನ್ನು ಹಚ್ಚಿ, ಮುಂದಿನ ಹಾದಿ ನಿನಗೆ ಬಿಟ್ಟದ್ದು ಎಂದು ಪ್ರಾಮಾಣಿಕವಾಗಿ ಸೂಚಿಸಿರುತ್ತಾರೆ. ಬ್ರೋಕರನಿಗೆ ಅಷ್ಟು ಸಂಕೋಚವೂ ಇಲ್ಲ.

ಎರಡನೆಯ ತೊಡಕು ನನ್ನ ಕಣ್ಣಿನದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನು ತಾನು ಶಾಶ್ವತವಾಗಿ ಮಲಗುವುದಕ್ಕೆಂದು ಕಟ್ಟಿಸಿಕೊಂಡದ್ದು ಒಂದೇ ಒಂದು ಕೋಣೆ. ನಡುವೆ ಒಂದು ಕಂಬದ ಆಸರೆಯೂ ಇಲ್ಲದೆ ಸುಮಾರು 44 ಮೀಟರ್ ವ್ಯಾಸದ ಗುಮ್ಮಟವನ್ನು ಹೊತ್ತು ನಿಂತಿರುವ ಆ ಗೋಳಗುಮ್ಮಟವನ್ನು ಶಾಲೆಯ ಪ್ರವಾಸಗಳಲ್ಲಿ ಕಂಡು ಬೆಳೆದವನಿಗೆ, ಮಂಚ ಹಾಕಿದರೆ ಕದ ಮುಚ್ಚಲಾಗದ, ಕದ ಮುಚ್ಚಿದರೆ ಮಂಚ ಹಿಡಿಯಲಾಗದ ಸ್ಥಳವನ್ನು ತೋರಿಸಿ "ಇದು ಮಾಸ್ಟರ್ ಬೆಡ್‌ರೂಮು" ಎಂದರೆ ಆತ ಯಾವ ಮುಖ ಮಾಡಬೇಕು? ಒಂದು ವಿಷಯದಲ್ಲಿ ಮಾತ್ರ ಬೆಂಗಳೂರಿನ ಮೇಸ್ತ್ರಿಗಳು ಆದಿಲ್ ಶಾಹಿಯ ಶಿಲ್ಪಿಗಳಿಗೆ ಸಮಾನರು. ಗುಮ್ಮಟದ ಒಂದು ಮಗ್ಗುಲಲ್ಲಿ ಪಿಸುಗುಟ್ಟಿದ್ದು ಎದುರು ಮಗ್ಗುಲಿಗೆ ಕೇಳಿಸುವುದೆಂದು ದೇಶಾಂತರದ ಜನ ಟಿಕೀಟು ತೆಗೆಸಿ ಮೆಟ್ಟಿಲೇರುತ್ತಾರೆ. ನಾನು ನೋಡಿದ ಮನೆಯೊಂದರಲ್ಲಿ, ಪಕ್ಕದ ಮನೆಯ ದಂಪತಿಗಳು ಅತ್ತೆಯವರ ವಿಷಯವಾಗಿ ತಗ್ಗಿದ ದನಿಯಲ್ಲಿ ಆಡಿಕೊಂಡುದೆಲ್ಲವೂ ಯಾವ ಟಿಕೀಟೂ ಇಲ್ಲದೆ ನನಗೆ ಸುಸ್ಪಷ್ಟವಾಗಿ ಕೇಳಿಸಿತು.

ಹೆಸರಿನ ಬಾಂಧವ್ಯವನ್ನು ನೆಚ್ಚಿ ಬಸವನಗುಡಿಗೂ ಹೋದೆ. 1898ರ ಪ್ಲೇಗಿನ ಹಾವಳಿಯ ತರುವಾಯ, ಇಕ್ಕಟ್ಟಾದ ಪೇಟೆಯ ಜನ ಗಾಳಿ ಬೆಳಕುಗಳಲ್ಲಿ ಬದುಕಲೆಂದು ಮಲ್ಲೇಶ್ವರದ ಜೊತೆಜೊತೆಗೆ ಬೆಳೆಸಿದ ಬಡಾವಣೆ ಅದು; ಅಲ್ಲಿಯ ಬಾಡಿಗೆಯನ್ನು ಕೇಳಿದ ಮೇಲೆ ಪ್ಲೇಗಿನ ಬಗೆಗಿದ್ದ ನನ್ನ ಭೀತಿ ಬಹಳಷ್ಟು ಕಡಿಮೆಯಾಯಿತು.

ಆದರೆ ಇವೆಲ್ಲವೂ ಗೌಣ. ನಿಜವಾದ ಪರೀಕ್ಷೆಯಿರುವುದು ಮನೆಯ ಮಾಲೀಕರ ಎದುರಿನಲ್ಲಿ. ಊರು ಯಾವುದು, ಉದ್ಯೋಗವೇನು, ಮಾಂಸಾಹಾರ ಉಂಟೆ, ನಾಯಿ ಬೆಕ್ಕುಗಳುಂಟೆ, ಗೋಡೆಗೆ ಮೊಳೆ ಹೊಡೆಯುವ ಚಟವುಂಟೆ ಎಂಬ ಪ್ರಶ್ನೆಗಳನ್ನೆಲ್ಲ ನಿರ್ವಿಘ್ನವಾಗಿ ದಾಟಿದ ನಾನು, ಒಂದು ಮನೆಯಲ್ಲಿ ಕಟ್ಟಕಡೆಯ ಪ್ರಶ್ನೆಗೆ ಬಂದು ನಿಂತೆ.

"ಎಷ್ಟು ಜನ ಇರ್ತೀರಾ ಸಾರ್?"

"ನಾವಿಬ್ಬರು, ಮಕ್ಕಳಿಬ್ಬರು," ಎಂದೆ. ಅಷ್ಟಕ್ಕೆ ಮುಗಿಯಬೇಕಾಗಿದ್ದ ಮಾತಿಗೆ, ಹಿಂದೆ ನಿಂತಿದ್ದ ನನ್ನ ಮಡದಿ, ಸುಳ್ಳು ತಪ್ಪಿಯೂ ಬಾಯಿಗೆ ಬಾರದವಳಾದುದರಿಂದ, "ಹೋಗಿ ಬರೋ ಮಂದಿ ಬ್ಯಾರೇರಿ" ಎಂದು ಪುರವಣಿ ಹಚ್ಚಿದಳು.

"ಹೋಗಿ ಬರೋ ಮಂದಿ ಅಂದ್ರೆ ಯಾರಮ್ಮಾ?"

"ಈಗ ಹ್ಯಾಂಗ ಹೇಳೂದ್ರಿ? ಬಂದಾಗ ಗೊತ್ತಾಗತೈತ್ರಿ."

ಮಾಲೀಕರು ಕ್ಷಣಕಾಲ ಮೌನವಾಗಿದ್ದು, ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆಂದೂ, ಸಂಪು ಚಿಕ್ಕದೆಂದೂ, ತಮಗೆ ತಿಳಿದ ಇನ್ನೊಂದು ಮನೆ ಇನ್ನೊಂದು ಬಡಾವಣೆಯಲ್ಲಿ ಇದೆಯೆಂದೂ ತಿಳಿಸಿದರು. 123 ಟಿಎಂಸಿ ನೀರಿಗಾಗಿ ಹೊಲಮನೆಗಳನ್ನು ತೆತ್ತ ಬೀಗರು ಬಂದರೆ ಅವರಿಗೆ ಎಷ್ಟು ಬಕೀಟು ನೀರು ತಗಲೀತೆಂಬ ಲೆಕ್ಕವನ್ನು ಹಾಕಲು ನನಗೂ ಮನಸ್ಸಾಗಲಿಲ್ಲ.

ಮಡದಿಯ ಉತ್ತರದಲ್ಲಿ ನಮ್ಮ ಸೀಮೆಯ ಗೃಹಧರ್ಮವೇ ಅಡಗಿತ್ತು. ನಮ್ಮಲ್ಲಿ ಮನೆಯನ್ನು ಅಳೆಯುವುದು ಇರುವವರಿಂದಲ್ಲ, ಬರುವವರಿಂದ. ಪಡಸಾಲೆಯಲ್ಲಿ ಎಷ್ಟು ಎಲೆ ಬೀಳುತ್ತವೆ, ಮಾಳಿಗೆಯ ಮೇಲೆ ಎಷ್ಟು ಹಾಸಿಗೆ ಹಿಡಿಯುತ್ತವೆ, ಅವೇಳೆಯಲ್ಲಿ ಬಂದವರಿಗೆ ಬುಟ್ಟಿಯಲ್ಲಿ ರೊಟ್ಟಿ ಉಳಿದಿರುತ್ತವೆಯೇ ಎಂಬುದೇ ಅಲ್ಲಿಯ ಮಾನದಂಡ. ಈ ನಾಲ್ಕು ತಾಲೂಕುಗಳಿಂದ ಮನೆ ಬಿಟ್ಟು ರಾಜಧಾನಿಗೆ ಹೋದವರಲ್ಲಿ ಅಗ್ರಗಣ್ಯರು ಬಸವಣ್ಣನವರು. ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದಲ್ಲಿ ಬೆಳೆದು, ಕಲ್ಯಾಣದಲ್ಲಿ ನೆಲೆನಿಂತ ಆ ಮಹಾಪುರುಷರ ಮಹಾಮನೆಯಲ್ಲಿ 1,96,000 ಜಂಗಮರಿಗೆ ದಾಸೋಹ ನಡೆಯುತ್ತಿತ್ತೆಂದು ಪರಂಪರೆ ಹೇಳುತ್ತದೆ. ಪುಣ್ಯವಶಾತ್ ಅವರು ಬಿಜ್ಜಳನ ಭಂಡಾರಿಯಾಗಿದ್ದರು. ಅವರೇನಾದರೂ ಬಾಡಿಗೆಯ ಮನೆಯನ್ನು ಕೇಳಿಕೊಂಡು ಈ ಬಾಗಿಲಿಗೆ ಬಂದಿದ್ದರೆ, "ನೆಂಟರಿಷ್ಟರು ಜಾಸ್ತಿ ಬರ್ತಾರಾ ಸಾರ್?" ಎಂಬ ಒಂದೇ ಪ್ರಶ್ನೆಯಲ್ಲಿ ಹನ್ನೆರಡನೆಯ ಶತಮಾನದ ಇತಿಹಾಸ ಬೇರೆ ದಾರಿ ಹಿಡಿಯುತ್ತಿತ್ತು.

ಕೊನೆಗೆ ಮನೆ ದೊರೆತದ್ದು ವಿಜಯನಗರ, ಅತ್ತಿಗುಪ್ಪೆಗಳ ಕಡೆಯಲ್ಲಿ. ಕೆ.ಎ.ಎಸ್., ಪಿ.ಎಸ್.ಐ. ಮುಂತಾದ ಪರೀಕ್ಷೆಗಳಿಗೆಂದು ಕೋಚಿಂಗ್ ಕೇಂದ್ರಗಳನ್ನು ಆಶ್ರಯಿಸಿದ ಉತ್ತರ ಕರ್ನಾಟಕದ ಹುಡುಗರು ಕಿಕ್ಕಿರಿದಿರುವ ಆ ಭಾಗದಲ್ಲಿ, ಖಾನಾವಳಿಗಳ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳುತ್ತದೆ. ಮನೆಯ ಯೋಗ್ಯತೆಯನ್ನು ನಿರ್ಣಯಿಸಿದವಳು ಮಡದಿಯೇ. ಅವಳು ಕೋಣೆಗಳನ್ನು ನೋಡಲಿಲ್ಲ, ನಲ್ಲಿಯನ್ನು ತಿರುವಲಿಲ್ಲ. ಮೂಲೆಯ ಅಂಗಡಿಯಲ್ಲಿ ಖಡಕ್ ರೊಟ್ಟಿಯ ಕಟ್ಟುಗಳ ಪಕ್ಕದಲ್ಲಿ ಶೇಂಗಾ ಹಿಂಡಿಯ ಪೊಟ್ಟಣಗಳನ್ನು ಕಂಡು, ಒಂದನ್ನು ಒಡೆಸಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡು, "ಇಲ್ಲೇ ಇರೂಣು" ಎಂದಳು.

ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳಿದರು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಠೇವಣಿ ಕೂಡದೆಂದು ಕೇಂದ್ರ ಸರಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆಂದು ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಂಡಾಗ, ಅವರು ಅಷ್ಟೇ ವಿನಯದಿಂದ, "ಅದು ಮಾದರಿ ಸಾರ್, ಇದು ಮನೆ" ಎಂದರು. ಕರಾರುಪತ್ರ ಹನ್ನೊಂದು ತಿಂಗಳಿಗೆ ಸಿದ್ಧವಾಯಿತು; ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸತಕ್ಕದ್ದೆಂದು 1908ರ ಕಾಯ್ದೆಯಲ್ಲಿ ಬರೆದವರಿಗೆ, ಅದರಿಂದಾಗಿ ಮುಂದಿನ ತಲೆಮಾರುಗಳ ಬಾಡಿಗೆದಾರರ ಸಂವತ್ಸರದಲ್ಲಿ ಒಂದು ಮಾಸವೇ ಲೋಪವಾದೀತೆಂದು ತೋರಿರಲಾರದು.

ಹಾಲುಕ್ಕಿಸಿದ ವಾರದಲ್ಲಿಯೇ ಮಂದಿ ಬರತೊಡಗಿದರು. ಲೋಕಸೇವಾ ಆಯೋಗದ ಪರೀಕ್ಷೆಗೆಂದು ಮುದ್ದೇಬಿಹಾಳದಿಂದ ಮಡದಿಯ ತಮ್ಮ, ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸಲೆಂದು ಸಿಂದಗಿಯಿಂದ ಸೋದರಮಾವ, ಮುಳುಗಿದ ಹೊಲದ ಪರಿಹಾರದ ಕಾಗದಗಳನ್ನು ಕಂಕುಳಲ್ಲಿಟ್ಟುಕೊಂಡು ಬಾಗೇವಾಡಿಯ ಕಡೆಯಿಂದ ಬೀಗರು, ಇವರೆಲ್ಲರ ಹಿಂದೆ, ಮನೆ ನೋಡುವುದರ ಹೊರತು ಬೇರಾವ ಕಾರ್ಯವೂ ಇಲ್ಲದೆ, ಇಂಡಿಯಿಂದ ಒಂದು ಚೀಲ ಲಿಂಬೆಯ ಹಣ್ಣುಗಳೊಡನೆ ನಮ್ಮ ಕಾಕಾ. ಮರುದಿನ ಬೆಳಗಿನಲ್ಲಿ ಧೋತರದ ಚುಂಗನ್ನು ಕೈಯಲ್ಲಿ ಹಿಡಿದು ಗೇಟಿನ ಬಳಿ ನಿಂತಿದ್ದ ಕಾಕಾನಿಗೆ ಮಾಲೀಕರು ಎದುರಾದರು. ಪ್ರಶ್ನೆ ಕೇಳುವ ಹಕ್ಕು ತಮ್ಮದೆಂದು ನಂಬಿದ್ದ ಆ ಪುಣ್ಯಾತ್ಮರು ಬಾಯಿ ತೆರೆಯುವ ಮೊದಲೇ ಕಾಕಾ ಆರಂಭಿಸಿದ.

"ಯಾವೂರ್ರಿ ನಿಮ್ಮದು? ಮಕ್ಕಳೆಷ್ಟು? ಹೊಲ ಎಷ್ಟೈತ್ರಿ?"

"ಹೊಲ ಇಲ್ಲ. ಇದೇ ಸೈಟು, ತರ್ಟಿ ಫಾರ್ಟಿ," ಎಂದರು ಮಾಲೀಕರು, ಏಕೋ ಕ್ಷೀಣವಾದ ದನಿಯಲ್ಲಿ.

ಕಾಕಾ ಅವರನ್ನೂ ಆ ಮೂರಂತಸ್ತಿನ ಕಟ್ಟಡವನ್ನೂ ಬಹಳ ಹೊತ್ತು ನೋಡಿ, ಒಳಗೆ ಬಂದು, "ಪಾಪ, ಹೊಲ ಇಲ್ಲಂತ ಅವ್ರದು" ಎಂದು ಲಿಂಬೆಯ ಚೀಲದಲ್ಲಿ ಅರ್ಧವನ್ನು ಅವರ ಮನೆಗೆ ಕಳಿಸಿಕೊಟ್ಟ. ಅಂದಿನಿಂದ ನಮ್ಮ ಮನೆಗೆ ಯಾರು ಬಂದರು, ಎಷ್ಟು ದಿನ ಇದ್ದರು ಎಂಬ ವಿಚಾರಣೆ ನಿಂತುಹೋಯಿತು. ಬಂದವರ ಕೈಯಲ್ಲಿ ಚೀಲವಿದೆಯೇ ಎಂಬುದನ್ನು ಮಾತ್ರ ಮಾಲೀಕರ ಮನೆಯವರು ಕಿಟಕಿಯಿಂದ ಗಮನಿಸುತ್ತಿದ್ದರು. ಮೇಲಿನ ಅಂತಸ್ತು ತೆರವಾದಾಗ, "ನಿಮ್ಮ ಕಡೆಯವರೇ ಯಾರಾದ್ರೂ ಇದ್ರೆ ಹೇಳಿ ಸಾರ್" ಎಂದು ಅವರೇ ಕೇಳಿದರು. ಸಿಂದಗಿಯವರೊಬ್ಬರನ್ನು ನಾನೇ ಮುಂದೆ ನಿಂತು ಸೇರಿಸಿದೆ, ಅವರು ಎದುರು ಮನೆಗೆ ಮತ್ತೊಬ್ಬರನ್ನು ಸೇರಿಸಿದರು.

ಹನ್ನೊಂದು ತಿಂಗಳು ತುಂಬಿದೊಡನೆ ಮಾಲೀಕರು ಬಾಡಿಗೆಯನ್ನು ಏರಿಸಿದರು. ಇಷ್ಟೆಲ್ಲ ವಿಶ್ವಾಸವಿದ್ದೂ ಹೀಗೇಕೆಂದು ಕೇಳಿದ್ದಕ್ಕೆ, ಉಪ್ಪಿನಕಾಯಿಯ ಭರಣಿಯೊಂದನ್ನು ನನ್ನ ಕೈಗಿತ್ತು, "ನಾನೇನು ಮಾಡ್ಲಿ ಸಾರ್? ನಿಮ್ಮ ಕಡೆ ಜನ ಬಂದೂ ಬಂದೂ ಏರಿಯಾಗೆ ಡಿಮ್ಯಾಂಡ್ ಜಾಸ್ತಿ ಆಗಿಬಿಟ್ಟಿದೆ" ಎಂದರು.