ಮಳೆಗೆ ಮೊದಲೇ ಮದ್ದು

ಕೊಳೆರೋಗದ ಬಗ್ಗೆ ಪುತ್ತೂರು, ಸುಳ್ಯ, ಕಡಬದ ಅಡಿಕೆ ಕೃಷಿಕರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ ಮದ್ದು ಬಿಡಬೇಕು, 40-45 ದಿನಕ್ಕೆ ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯದು. ಕೊಳೆತ ಮೇಲೆ ಬಿಟ್ಟರೆ ಮೈಲುತುತ್ತಿನ ದುಡ್ಡು ದಂಡ. ಈ ಸೂತ್ರ ಸುದ್ದಿಗೂ ಒಪ್ಪುತ್ತದೆ ಎಂಬುದನ್ನು ನಮ್ಮ ಊರಿನ ದೊಡ್ಡವರು ಯಾವ ವಿಜ್ಞಾನಿಯ ನೆರವೂ ಇಲ್ಲದೆ ಕಂಡುಕೊಂಡಿದ್ದಾರೆ. ಅಚ್ಚಾದ ಮೇಲೆ ಸ್ಪಷ್ಟೀಕರಣ ಕೊಡುವುದು ದಡ್ಡರ ಕೆಲಸ. ವರದಿಗಾರ ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಮದ್ದು ಬಿದ್ದಿರಬೇಕು.

ಸುಣ್ಣ 1 ಕಿಲೋ, ಮೈಲುತುತ್ತು 1 ಕಿಲೋ, ನೀರು 100 ಲೀಟರ್. ಇಲ್ಲಿ ಸುಣ್ಣವೆಂದರೆ ಪ್ರೀತಿ. ರಾತ್ರಿ ಒಂಬತ್ತಕ್ಕೆ ಫೋನ್ ಬರುತ್ತದೆ. "ಊಟ ಆಯ್ತಾ ಮಾರಾಯ್ರೆ? ಹೊಳೆಬದಿಯಲ್ಲಿ ಫೋಟೋ ತೆಗೀತಿದ್ರಂತೆ. ಮರಳಿನದ್ದಾ? ಅದೆಲ್ಲ ನಿಮಗೆ ಯಾಕೆ? ಮಗಳು ನಾಲ್ಕೂವರೆ ಬಸ್ಸಿಗೆ ಬರುವುದಲ್ವಾ? ಪಾಪದ ಹುಡುಗಿ." ಇಷ್ಟೇ. ಒಂದು ಕೆಟ್ಟ ಮಾತಿಲ್ಲ. ಠಾಣೆಗೆ ಹೋದರೆ ಬರೆದುಕೊಳ್ಳುವವರಿಗೂ ತಲೆಬಿಸಿ: ಊಟ ಆಯ್ತಾ ಎಂದು ಕೇಳಿದ್ದಕ್ಕೆ ಯಾವ ಸೆಕ್ಷನ್ ಹಾಕುವುದು?

ಮೈಲುತುತ್ತು ಎಂದರೆ ಕೇಸು. ಮಾನನಷ್ಟ, ಶಾಂತಿಭಂಗ, ಕರ್ತವ್ಯಕ್ಕೆ ಅಡ್ಡಿ, ಯಾವುದು ಕೈಗೆ ಸಿಗುತ್ತದೋ ಅದು. ಮದ್ದು ಗೊನೆಗೆ ಹಿಡಿಯಲು ರಾಳ ಸೇರಿಸುತ್ತೇವಲ್ಲ, ಅದು ಜಾಹೀರಾತು. ಜಾತ್ರೆಗೆ ಶುಭ ಕೋರುವ ಅರ್ಧ ಪುಟ ಹೊಳೆಬದಿಯವರದ್ದೇ. ಅದರ ಕಮಿಷನ್ನಿನಲ್ಲೇ ವರದಿಗಾರನ ಮಗಳ ಫೀಸು. ಕಲಸಿದ ಮೇಲೆ ಹಳಬರು ಕತ್ತಿ ಅದ್ದಿ ನೋಡುತ್ತಾರೆ, ಸುಣ್ಣ ಸಾಲದಿದ್ದರೆ ಕತ್ತಿಗೆ ಕೆಂಪು ಹತ್ತುತ್ತದೆ. ಇಲ್ಲಿಯೂ ಕತ್ತಿ ಹೊರಗೆ ಬರುವುದು ಪರೀಕ್ಷೆಗೆ ಮಾತ್ರ.

ಮೈಲುತುತ್ತು ಹೆಚ್ಚಾದರೆ ಏನಾಗುತ್ತದೆ ಎಂದು ಮಂಗಳೂರಿನವರು ತೋರಿಸಿಕೊಟ್ಟಿದ್ದಾರೆ. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಗುಂಪೊಂದು ನುಗ್ಗಿ ಹೊಡೆಯಿತು. ಕಸ್ತೂರಿ ವಾಹಿನಿಯ ನವೀನ್ ಸೂರಿಂಜೆ ಅದನ್ನು ನಾಡಿಗೆ ತೋರಿಸಿದರು. ಪೊಲೀಸರು ಹೊಡೆದವರ ಪಟ್ಟಿಯಲ್ಲಿ ತೋರಿಸಿದವರನ್ನೂ ಬರೆದರು. ನವೆಂಬರ್ 7ಕ್ಕೆ ಬಂಧನ, ಹೈಕೋರ್ಟಿನ ಜಾಮೀನು ಮರುವರ್ಷ ಮಾರ್ಚಿಗೆ. 2024ರ ಆಗಸ್ಟಿನಲ್ಲಿ ದಾಳಿ ಕೇಸಿನ 40 ಆರೋಪಿಗಳು ಖುಲಾಸೆಯಾದರು. ಹೊಡೆದವರು ಯಾರೆಂದು ಹನ್ನೆರಡು ವರ್ಷವಾದರೂ ಸಾಬೀತಾಗಲಿಲ್ಲ. ತೋರಿಸಿದವರು ಯಾರೆಂದು ಮಾತ್ರ ಎಲ್ಲರಿಗೂ ಗೊತ್ತು, ಅವರು ನಾಲ್ಕು ತಿಂಗಳು ಜೈಲಿನಲ್ಲಿದ್ದರು.

ಮರ ಹತ್ತುವವರು ಸಿಗದ ಕಾಲ ಇದು, ತೋಟಕ್ಕೆ ಡ್ರೋನ್ ಬಂದಿದೆ. ಸುದ್ದಿಗೂ ಬಂದಿದೆ. ಕಡಬದ ನೆರೆಯ ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ವಿಷಯದಲ್ಲಿ 2025ರ ಜುಲೈಯಲ್ಲಿ ಬೆಂಗಳೂರಿನ ಸಿವಿಲ್ ಕೋರ್ಟಿನ ಒಂದು ಏಕಪಕ್ಷೀಯ ಆದೇಶ 8,842 ಲಿಂಕುಗಳ ಮೇಲೆ ಒಟ್ಟಿಗೇ ಬಿತ್ತು. ಕುಡ್ಲ ರ‍್ಯಾಂಪೇಜ್ ಎಂಬ ಯೂಟ್ಯೂಬ್ ಚಾನೆಲ್ ಹೈಕೋರ್ಟಿಗೆ ಹೋಗಿ ಆಗಸ್ಟ್ 1ರಂದು ಅದನ್ನು ರದ್ದು ಮಾಡಿಸಿತು. ಆಗಸ್ಟ್ 6ರಂದು ಧರ್ಮಸ್ಥಳದಲ್ಲಿ ಗುಂಪೊಂದು ಯೂಟ್ಯೂಬರ್‌ಗಳ ಮೇಲೆ ಬಿತ್ತು, ಪೆಟ್ಟು ತಿಂದವರಲ್ಲಿ ಆ ಚಾನೆಲಿನವರೂ ಇದ್ದರು. ಎರಡಕ್ಕೂ ಸಂಬಂಧ ಕಟ್ಟುವುದು ನನ್ನ ಕೆಲಸವಲ್ಲ. ಮೇಲಿನಿಂದ ಬಿದ್ದದ್ದೋ ಕೆಳಗಿನಿಂದ ಬಂದದ್ದೋ, ಒದ್ದೆಯಾಗುವುದು ಅದೇ ಗೊನೆ.

ಮದ್ದಿನ ಗೊಡವೆಯೇ ಬೇಡವೆಂದು ಮರವನ್ನೇ ಉರುಳಿಸಿದ್ದೂ ಉಂಟು. 2017ರ ಸೆಪ್ಟೆಂಬರ್ 5, ಬೆಂಗಳೂರು, ಗೌರಿ ಲಂಕೇಶ್. ದೂರದ ಸುದ್ದಿ ಎಂದುಕೊಂಡಿದ್ದೆವು. ಮರುವರ್ಷ ತನಿಖೆ ನಮ್ಮ ಸಂಪಾಜೆಯವರೆಗೂ ಬಂತು.

ಇಷ್ಟೆಲ್ಲದರಲ್ಲಿ ಒಂದೇ ವ್ಯತ್ಯಾಸ. ತೋಟದಲ್ಲಿ ಮದ್ದು ಬಿಡುವುದು ಕೊಳೆಯುವ ಗೊನೆಗೆ. ಇಲ್ಲಿ, ಗೊನೆ ಕೊಳೆಯುತ್ತಿದೆ ಎಂದು ಹೇಳಿದವನಿಗೆ.

ಮೊದಲ ಮದ್ದಿಗೂ ಎರಡನೆಯದಕ್ಕೂ ನಡುವೆ ಸರಿಯಾಗಿ ಪತ್ರಿಕಾ ದಿನ ಬರುತ್ತದೆ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರು ಸಮಾಚಾರ' ಹೊರಡಿಸಿದ ದಿನ. ಕನ್ನಡದ ಮೊದಲ ಪತ್ರಿಕೆಯ ಜಿಲ್ಲೆ ನಮ್ಮದು, ಸಣ್ಣ ಮಾತಲ್ಲ. ಹೊರಗೆ ಧೋ ಎಂದು ಮಳೆ, ಒಳಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ 2025ರಲ್ಲಿ ಭಾರತ 180 ದೇಶಗಳ ಪೈಕಿ 151ನೆಯದು ಎಂದು ಒಬ್ಬರು ಬಾಯಿತಪ್ಪಿ ಹೇಳುತ್ತಾರೆ. ಪಾಪ, ಆ ಪಟ್ಟಿ ಮಾಡುವವರಿಗೆ ನಮ್ಮ ಊರಿನ ಬರೆಯದೆ ಬಿಟ್ಟ ಸುದ್ದಿ ಲೆಕ್ಕಕ್ಕೆ ಸಿಕ್ಕಿರಲಾರದು.

ಮುಖ್ಯ ಅತಿಥಿಗಳು ನಿರ್ಭೀತ ಪತ್ರಿಕೋದ್ಯಮದ ಬಗ್ಗೆ ಅರ್ಧ ಗಂಟೆ ಮಾತಾಡಿ, ಹಿರಿಯ ವರದಿಗಾರರ ಹೆಗಲಿಗೆ ಶಾಲು ಹೊದೆಸಿ, ಫೋಟೋಕ್ಕೆ ನಗುತ್ತಾ ಕಿವಿಯ ಹತ್ತಿರ ಬಗ್ಗಿ ಕೇಳುತ್ತಾರೆ:

"ಊಟ ಆಯ್ತಾ ಮಾರಾಯ್ರೆ?"