ಪ್ರಥಮ ಕಂದುಕದರ್ಶನ ನಿರ್ಣಯವು

ಮಗು ಹುಟ್ಟಿದ ನಾಲ್ಕನೆಯ ತಿಂಗಳಲ್ಲಿ ಅದನ್ನು ಹೊರಗೆ ತಂದು ಸೂರ್ಯನನ್ನು ತೋರಿಸಬೇಕೆಂದೂ, ಆರನೆಯ ತಿಂಗಳಲ್ಲಿ ಅನ್ನವನ್ನುಣಿಸಬೇಕೆಂದೂ, ಜುಟ್ಟು ಬಿಡಿಸುವುದಕ್ಕೆ, ಕಿವಿ ಚುಚ್ಚುವುದಕ್ಕೆ, ಅಕ್ಷರ ತಿದ್ದಿಸುವುದಕ್ಕೆ ಇಂತಿಂತಹ ವಯಸ್ಸೇ ಪ್ರಶಸ್ತವೆಂದೂ ಎಳೆ ಎಳೆಯಾಗಿ ವಿಧಿಸಿರುವ ನಮ್ಮ ಪೂರ್ವಿಕರು, ಅದೇ ಮಗುವನ್ನು ಮೊತ್ತಮೊದಲನೆಯ ಫುಟ್‌ಬಾಲ್ ಪಂದ್ಯಕ್ಕೆ ಎಂದು ಕರೆದೊಯ್ಯತಕ್ಕದ್ದೆಂಬ ವಿಷಯದಲ್ಲಿ ಮಾತ್ರ ತುಟಿ ಬಿಚ್ಚದಿರುವುದು ವಿದ್ವಜ್ಜನರನ್ನು ಚಿಂತೆಗೀಡುಮಾಡುವ ಸಂಗತಿಯಾಗಿದೆ. 1612ರಲ್ಲಿ ‘ನಿರ್ಣಯಸಿಂಧು’ವನ್ನು ರಚಿಸಿದ ಕಮಲಾಕರಭಟ್ಟನ ಕಾಲಕ್ಕೆ ಕಂಠೀರವ ಕ್ರೀಡಾಂಗಣವು ಇನ್ನೂ ಎದ್ದಿರಲಿಲ್ಲವಾದ ಕಾರಣ ಆ ಮಹನೀಯನನ್ನು ಮನ್ನಿಸಬಹುದು. ಆದರೆ 2013ರಲ್ಲಿ ಬೆಂಗಳೂರು ಎಫ್‌ಸಿ ಜನ್ಮತಾಳಿ, ಆಡಿದ ಮೊದಲ ಋತುವಿನಲ್ಲೇ ಐ-ಲೀಗನ್ನು ಗೆದ್ದು, ನೀಲಿಯಂಗಿ ತೊಟ್ಟ ಗೃಹಸ್ಥರು ಈ ಪ್ರಶ್ನೆಯ ಮೇಲೆ ಗೃಹಿಣಿಯರೊಡನೆ ವಾಗ್ವಾದಕ್ಕಿಳಿದು ದಶಕವೊಂದು ಕಳೆದ ಮೇಲೂ ಒಂದಾದರೂ ಪ್ರಮಾಣಗ್ರಂಥ ಹೊರಡದಿರುವುದಕ್ಕೆ ನಮ್ಮ ಪಂಡಿತವರ್ಗದ ಆಲಸ್ಯವೇ ಹೊರತು ಬೇರೆ ಕಾರಣವನ್ನು ಕಾಣೆನು.

ಆದುದರಿಂದ ಮೀಮಾಂಸಕರ ಅಧಿಕರಣಕ್ರಮದಲ್ಲಿಯೇ ಹೊರಡೋಣ. ವಿಷಯವು ಮಗು, ಸಂಶಯವು ಅದರ ವಯಸ್ಸು. ಇವೆರಡರಲ್ಲಿ ವಿವಾದವಿಲ್ಲ. ಪೂರ್ವಪಕ್ಷಿಗಳೇ ಹಲವರು.

ಅವರಲ್ಲಿ ಮೊದಲಿಗರು ಶೈಶವವಾದಿಗಳು. ಎಷ್ಟು ಬೇಗನೆ ಕರೆದೊಯ್ದರೆ ಸಂಸ್ಕಾರವು ಅಷ್ಟು ಗಾಢವಾಗಿ ಬೇರೂರುವುದೆಂಬುದು ಇವರ ಮತ. ಅಭಿಮನ್ಯುವು ಸುಭದ್ರೆಯ ಗರ್ಭದಲ್ಲಿದ್ದುಕೊಂಡೇ ಚಕ್ರವ್ಯೂಹದ ವಿದ್ಯೆಯನ್ನು ಕೇಳಿ ಕಲಿತನೆಂಬುದು ಇವರ ದೃಷ್ಟಾಂತ. ದೃಷ್ಟಾಂತವೇನೋ ಸೊಗಸಾದುದೇ, ಆದರೆ ಒಳಹೊಗುವುದನ್ನು ಕಲಿತ ಆ ಬಾಲಕನಿಗೆ ಹೊರಬರುವುದು ತಿಳಿದಿರಲಿಲ್ಲವೆಂಬ ಉತ್ತರಾರ್ಧವನ್ನು ಇವರು ಮರೆಯುತ್ತಾರೆ. ರಾತ್ರಿ 9.30ರ ಸುಮಾರಿಗೆ ಪಂದ್ಯ ಮುಗಿದು, ಸಹಸ್ರಾರು ಜನ ಒಮ್ಮೆಗೇ ಕಸ್ತೂರಬಾ ರಸ್ತೆಗೆ ಇಳಿದಾಗ, ಒಂದು ಹೆಗಲ ಮೇಲೆ ಅಳುವ ಕೂಸನ್ನೂ ಇನ್ನೊಂದರ ಮೇಲೆ ಡಯಾಪರಿನ ಚೀಲವನ್ನೂ ಹೊತ್ತು, ‘ಇನ್ನು 3 ನಿಮಿಷದಲ್ಲಿ ಬರುತ್ತದೆ’ ಎಂದು ಮೊಬೈಲು ಅರ್ಧ ಗಂಟೆಯಿಂದ ಹೇಳುತ್ತಿರುವ ಆಟೋವನ್ನು ಕಾಯುತ್ತ ನಿಂತಿರುವ ತಂದೆಯನ್ನು ಕಂಡವರಿಗೆ ಚಕ್ರವ್ಯೂಹವೆಂದರೇನೆಂದು ಗದುಗಿನ ಭಾರತವನ್ನು ಓದದೆಯೂ ವೇದ್ಯವಾಗುತ್ತದೆ.

ಎರಡನೆಯವರು ಪ್ರೌಢವಾದಿಗಳು. ಆಟದ 17 ನಿಯಮಗಳಲ್ಲಿ ಹನ್ನೊಂದನೆಯದಾದ ಆಫ್‌ಸೈಡ್ ನಿಯಮವು ಬುದ್ಧಿಗೆ ನಿಲುಕುವವರೆಗೂ ಮಗುವಿಗೆ ಪ್ರೇಕ್ಷಕತ್ವದ ಅಧಿಕಾರವಿಲ್ಲವೆಂದು ಇವರು ಸಾಧಿಸುತ್ತಾರೆ. ಇದನ್ನೊಪ್ಪಿದ ಪಕ್ಷದಲ್ಲಿ ಕ್ರೀಡಾಂಗಣದ ಮುಕ್ಕಾಲುಪಾಲು ಜನರನ್ನು, ಕೆಲವು ದಿನ ಬಾವುಟ ಹಿಡಿದ ರೇಖಾಧಿಕಾರಿಯನ್ನೂ ಸೇರಿಸಿ, ಎಬ್ಬಿಸಿ ಮನೆಗೆ ಕಳುಹಿಸಬೇಕಾಗಿಬರುತ್ತದೆ. ಮೇಲಾಗಿ ವೇದಾಧ್ಯಯನದಲ್ಲಿಯೂ ಮೊದಲು ಪಾಠ, ಅರ್ಥವಿಚಾರ ಆಮೇಲೆ. ಇಲ್ಲಿಯೂ ಮಗುವು ಮೊದಲು ಘೋಷಗಳನ್ನು ಕಂಠಸ್ಥ ಮಾಡುತ್ತದೆ. ಪಶ್ಚಿಮದ ಅಟ್ಟಣಿಗೆಯವರು ತಮಟೆಯೊಡನೆ ತಾರಸ್ವರದಲ್ಲಿ ಉಚ್ಚರಿಸುವ ನೂರು ಸದುಕ್ತಿಗಳ ನಡುವೆ ಯಾರೋ ಒಬ್ಬನು ಪಂಚನನ್ನು ಕುರಿತು ಹೊರಗೆಡಹಿದ ಒಂದೇ ಒಂದು ಪದವನ್ನು ಆಯ್ದುಕೊಂಡು, ಮರುದಿನ ಬೆಳಗ್ಗೆ ಹೂ ಬಿಡಿಸುತ್ತಿರುವ ಅಜ್ಜಿಯ ಮುಂದೆ ಸ್ಪಷ್ಟವಾದ ಉಚ್ಚಾರಣೆಯಿಂದ ಒಪ್ಪಿಸುವುದು ಶಿಶುವಿನ ಗ್ರಹಣಶಕ್ತಿಗೆ ಸಾಕ್ಷಿಯೇ ಹೊರತು ದೋಷವಲ್ಲ. ದೋಷವೆಂದು ಅಜ್ಜಿಯ ಅಭಿಪ್ರಾಯ.

ಮೂರನೆಯವರಾದ ಲೋಕಾಯತರು, ಟಿಕೆಟ್ ಕೇಳದಷ್ಟು ಕಾಲ ಕರೆದೊಯ್ಯಿರಿ, ಕೇಳಿದಂದಿನಿಂದ ನಿಲ್ಲಿಸಿರಿ ಎನ್ನುತ್ತಾರೆ. ಇವರೊಡನೆ ವಾದವಿಲ್ಲ.

ನಾಲ್ಕನೆಯವರು ಮುಹೂರ್ತವಾದಿಗಳು. ಮೊದಲ ಪಂದ್ಯವು ಗೆಲ್ಲುವ ಪಂದ್ಯವೇ ಆಗಿರಬೇಕೆಂದೂ, ಮಗುವಿನ ಮನಸ್ಸಿನಲ್ಲಿ ಸೋಲಿನ ಛಾಯೆ ಬೀಳಕೂಡದೆಂದೂ ಕಾಯುತ್ತ ಕುಳಿತವರಿವರು. 1968-69ರಲ್ಲಿ ಮೈಸೂರು ಸಂತೋಷ್ ಟ್ರೋಫಿಯನ್ನು ಗೆದ್ದುದನ್ನು ಕಂಡು, ಮುಂದಿನ ಬಾರಿ ಗೆದ್ದಾಗ ಮಗನಿಗೆ ತೋರಿಸೋಣವೆಂದು ಸಂಕಲ್ಪಿಸಿದ ತಂದೆಯು, ಕರ್ನಾಟಕವು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿದ 2023ರ ಮಾರ್ಚ್ 4ರವರೆಗೆ ಕಾಯಬೇಕಾಗುತ್ತಿತ್ತು. ಅಷ್ಟರಲ್ಲಿ ಮಗನಿಗೇ ಮೊಮ್ಮಕ್ಕಳಾಗಿರುತ್ತಿದ್ದರು. ಅದಕ್ಕೆ ಹಿಂದಿನ ದಿನವೇ ಕಂಠೀರವದಲ್ಲಿ ನಡೆದುದನ್ನಂತೂ ಯಾವ ಮುಹೂರ್ತವೂ ಮುಂಗಾಣಲಾರದು. ಹೆಚ್ಚುವರಿ ಅವಧಿಯಲ್ಲಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇತ್ರಿಯವರು ಫ್ರೀ ಕಿಕ್ಕನ್ನು ಬಲೆಗೆ ಸೇರಿಸಲಾಗಿ, ಅದನ್ನೊಪ್ಪದ ಕೇರಳ ಬ್ಲಾಸ್ಟರ್ಸ್ ತಂಡವು ಮೈದಾನವನ್ನೇ ಬಿಟ್ಟು ಹೊರನಡೆಯಿತು. ವಯಸ್ಕರೆಲ್ಲ ನಿಯಮಾವಳಿಯನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಚರ್ಚಿಸಿದ ಈ ಪ್ರಕರಣವನ್ನು ಯಾವ ವ್ಯಾಖ್ಯಾನದ ಅಪೇಕ್ಷೆಯೂ ಇಲ್ಲದೆ ತಟಕ್ಕನೆ ಗ್ರಹಿಸಬಲ್ಲವರು ಐದು ವರ್ಷದವರು ಮಾತ್ರ. ‘ಹೋಗ್ರೋ, ನಾನು ಆಟಕ್ಕೆ ಬರಲ್ಲ’ ಎಂಬುದು ಅವರ ನಿತ್ಯದ ಸೂತ್ರವಲ್ಲವೆ?

ಇನ್ನು ಪ್ರತ್ಯಕ್ಷಪ್ರಮಾಣಕ್ಕೆ ಬರೋಣ. ಕಂಠೀರವದಲ್ಲಿ ಪ್ರೇಕ್ಷಕನಿಗೂ ಆಟಕ್ಕೂ ನಡುವೆ ಓಟದ ಪಥವು ಹಬ್ಬಿಕೊಂಡಿರುವುದರಿಂದ 70 ಸೆಂಟಿಮೀಟರು ಸುತ್ತಳತೆಯ ಚೆಂಡು ಆಚೆಯ ತುದಿಯಲ್ಲಿ ದೊಡ್ಡವರ ಕಣ್ಣಿಗೇ ನಿಲ್ಲುವುದಿಲ್ಲ. ಹಾಗಿರುವಾಗ ಮಗುವು ನೋಡುವುದಾದರೂ ಏನನ್ನು? ನನ್ನ ಮುಂದಿನ ಸಾಲಿನಲ್ಲಿದ್ದ ನಾಲ್ಕು ವರ್ಷದ ಬಾಲಕಿಯೊಬ್ಬಳು, ‘ಅಪ್ಪಾ, ನಮ್ಮೋರು ಯಾವ ಕಡೆ?’ ಎಂದು ಕೇಳಿ, ತಂದೆಯು ಎಡಗಡೆಯ ಗೋಲನ್ನು ತೋರಿಸಲು, ಅದನ್ನೇ ಅಚಲವಾಗಿ ನಂಬಿ ಕುಳಿತಳು. ವಿರಾಮದಲ್ಲಿ ಹುಲ್ಲಿನ ನಡುವಿನಿಂದ ನೀರಿನ ಕಾರಂಜಿಗಳು ಎದ್ದು ತಿರುಗತೊಡಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಆ ಸಂಜೆಯ ಆಟದಲ್ಲಿ ಅವಳ ಮೆಚ್ಚುಗೆಗೆ ಪಾತ್ರವಾದ ಭಾಗ ಅದೊಂದೇ. ಬಳಿಕ ತಂಡಗಳು ದಿಕ್ಕು ಬದಲಾಯಿಸಲು, ‘ಸುಳ್ಳು ಹೇಳ್ತೀಯ’ ಎಂದು ತಂದೆಯ ಮೇಲೆ ಮುನಿಸಿಕೊಂಡು, ಚುರುಮುರಿಯ ಪೊಟ್ಟಣವನ್ನು ಕಿತ್ತುಕೊಂಡು, ಉಳಿದ 45 ನಿಮಿಷ ಬೆನ್ನು ತಿರುಗಿಸಿ ನಮ್ಮನ್ನೇ ನೋಡುತ್ತ ಕುಳಿತಳು. ಆಕೆಯ ತರ್ಕದಲ್ಲಿ ನನಗೆ ಯಾವ ಹುಳುಕೂ ಕಾಣಲಿಲ್ಲ.

ಇದರಿಂದ ಸಿದ್ಧಾಂತವು ತಾನಾಗಿಯೇ ಒದಗುತ್ತದೆ. ಅಧಿಕಾರಿನಿರ್ಣಯದಲ್ಲಿ ಪೂರ್ವಪಕ್ಷಿಗಳೆಲ್ಲರೂ ಮಗುವನ್ನೇ ಪರೀಕ್ಷಿಸಿದರು. ಪರೀಕ್ಷಿಸಬೇಕಾದುದು ತಂದೆಯನ್ನು. ಮಗುವಿನ ನಿದ್ರೆ, ಹಸಿವು, ಜಲಬಾಧೆ ಇವು ಮೂರೂ ಪ್ರಕೃತಿಸಿದ್ಧವಾದವು. ಪಂಚನ ಸೀಟಿಗೆ ಕಾಯುವಂಥವಲ್ಲ. ಅಂಕಗಳು ಸಮವಾಗಿರುವಾಗ, ತನ್ನ ತಂಡಕ್ಕೆ ಕಾರ್ನರ್ ಲಭಿಸಿರುವಾಗ, ‘ಅಪ್ಪಾ, ಮನೆಗೆ ಹೋಗೋಣ’ ಎಂಬ ಮಾತು ಕಿವಿಗೆ ಬಿದ್ದೊಡನೆ ಹಿಂದಿರುಗಿ ನೋಡದೆ ಎದ್ದು ಹೊರಡಬಲ್ಲ ವೈರಾಗ್ಯವು ಯಾವ ವಯಸ್ಸಿನಲ್ಲಿ ತಂದೆಗೆ ಪ್ರಾಪ್ತವಾಗುವುದೋ ಅದೇ ಮಗುವಿಗೆ ತಕ್ಕ ವಯಸ್ಸು. ಕರೆದೊಯ್ಯುವವಳು ತಾಯಿಯಾದ ಪಕ್ಷದಲ್ಲಿ ಈ ಅಧಿಕರಣವೇ ಅನಾವಶ್ಯಕ. ಆಕೆ ಮಗುವಿನ ಮುಖ ನೋಡಿಯೇ ಹೊರಟಿರುತ್ತಾಳೆ.

ಹೀಗೆ ನಡುವೆ ಎದ್ದುಹೋದರೆ ಐತಿಹಾಸಿಕ ಕ್ಷಣವೊಂದು ಕೈತಪ್ಪದೆ ಎಂದು ಆಕ್ಷೇಪಿಸಬಹುದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಸಾರಂಗಪಾಣಿ ರಾಮನ್ನರು ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದುದು 70ನೆಯ ನಿಮಿಷದಲ್ಲಿ. ಮಗುವಿನ ಕಾರಣ 69ನೆಯ ನಿಮಿಷದಲ್ಲಿ ಎದ್ದುಹೋದ ತಂದೆಯೊಬ್ಬನು ಅಲ್ಲಿದ್ದಿದ್ದರೆ ಅವನ ಪಾಡು ಶೋಚನೀಯವೇ ಸರಿ. ಆದರೆ 88ನೆಯ ನಿಮಿಷದಲ್ಲಿ ಎದ್ದವನ ಭಾಗ್ಯವನ್ನೂ ನೆನೆಯಬೇಕು. 89ರಲ್ಲಿ ಫ್ರಾನ್ಸ್ ಹೊಡೆದ ಎರಡನೆಯ ಗೋಲು ಅವನ ಪಾಲಿಗೆ ಬೀಳುತ್ತಲೇ ಇರಲಿಲ್ಲ. 1-1ರ ಸಂತೃಪ್ತಿಯಲ್ಲಿ ಮನೆ ಸೇರಿರುತ್ತಿದ್ದನು.

ಪ್ರಯೋಗವಿಧಿಯನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಪ್ರಥಮ ದರ್ಶನವು ರಾತ್ರಿ 7.30ರ ದೊಡ್ಡ ಪಂದ್ಯದಲ್ಲಾಗಕೂಡದು. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಗಲು ಹೊತ್ತು ನಡೆಯುವ ಸ್ಥಳೀಯ ಲೀಗ್ ಪಂದ್ಯದಲ್ಲಾಗಲಿ. ಅಲ್ಲಿ ಓಟದ ಪಥದ ಅಡ್ಡಿಯಿಲ್ಲ, ಚೆಂಡಿಗೆ ಬೂಟು ತಗಲುವ ಸದ್ದು ಕೇಳುತ್ತದೆ, ಬೇಡವೆನಿಸಿದಾಗ ಯಾರ ಕಾಲನ್ನೂ ತುಳಿಯದೆ ಎದ್ದು ಬರಬಹುದು. ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿರುವ ಗೌತಮಪುರದವರಿಗೆ ಈ ಗ್ರಂಥದಿಂದ ಏನೂ ಪ್ರಯೋಜನವಿಲ್ಲ. ಅಲ್ಲಿ ಮಗುವನ್ನು ಆಟಕ್ಕೆ ಕರೆದೊಯ್ಯುವುದಿಲ್ಲ, ಊಟಕ್ಕೆ ಆಟದಿಂದ ಎಳೆದುತರುತ್ತಾರೆ.

ಕಡೆಯದಾಗಿ, ಮಕ್ಕಳಿಲ್ಲದೆ ನೆಮ್ಮದಿಯಾಗಿ ಪಂದ್ಯ ನೋಡಲು ಬಂದಿರುವ ಸಹೃದಯರಲ್ಲಿ ಒಂದು ವಿಜ್ಞಾಪನೆ. 88ನೆಯ ನಿಮಿಷದಲ್ಲಿ ಯಾರಾದರೂ ಮಗುವನ್ನೆತ್ತಿಕೊಂಡು ನಿಮ್ಮ ಸಾಲಿನಲ್ಲಿ ಹೊರಟರೆ ಮೊಣಕಾಲು ಮಡಚಿ ದಾರಿ ಬಿಡಿ. ‘ಇನ್ನೆರಡೇ ನಿಮಿಷ ಸಾರ್, ನೋಡ್ಕೊಂಡೇ ಹೋಗಿ’ ಎಂದು ಮಾತ್ರ ದಯವಿಟ್ಟು ಹೇಳಬೇಡಿ.