ಒರಿಜಿನಲ್ ಕ್ವಾಲಿಟಿಯ ಷಡ್ಡಕರು

ಮದುವೆ, ಮುಂಜಿ, ಗೃಹಪ್ರವೇಶ ಎಲ್ಲೇ ಹೋಗಿ, ಐಫೋನ್ ಹಿಡಿದ ಇಂಥವರೊಬ್ಬರು ಇದ್ದೇ ಇರುತ್ತಾರೆ. "ವಾಟ್ಸಾಪಲ್ಲಿ ಮಾತ್ರ ಬೇಡ, ಕ್ವಾಲಿಟಿ ಹೋಗುತ್ತೆ" ಎಂಬುದು ಅವರ ತಾರಕಮಂತ್ರ. ವಾಟ್ಸಾಪು ಫೋಟೋವನ್ನು ಹಿಂಡಿ ಕಳಿಸುತ್ತದೆ, ನಿಜ. ಡಾಕ್ಯುಮೆಂಟ್ ಮಾಡಿ ಕಳಿಸಿದರೆ ಹಿಂಡುವುದಿಲ್ಲ ಎಂದು ನಾವು ಹೇಳಿದರೆ, ಅದು ಅವರ ಘನತೆಗೆ ಕಡಿಮೆ.

ನನ್ನ ಪಾಲಿಗೆ ಬಂದವರು ನನ್ನ ಷಡ್ಡಕರು. ಮುಂಜಿಮನೆಯಲ್ಲಿ ಎಲೆ ಮುಂದೆ ಕೂತಾಗಲೇ ಅವರಿಗೆ ಉತ್ಸಾಹ ಬಂತು.

"ಏರ್‌ಡ್ರಾಪ್ ಆನ್ ಮಾಡಿ ಭಾವ."

"ನಂದು ಆಂಡ್ರಾಯ್ಡು."

"ಓ..." ಎಂದರು, ಸೂತಕದ ಮನೆಗೆ ಬಂದವರ ಹಾಗೆ.

ಎರಡೂ ಬಗೆಯ ಫೋನು ಮಾಡುವುದು ಹೆಚ್ಚುಕಮ್ಮಿ ಒಂದೇ ಕೆಲಸ: ಬ್ಲೂಟೂತಿನಲ್ಲಿ ಪಕ್ಕದವರನ್ನು ಹುಡುಕುವುದು, ವೈಫೈಯಲ್ಲಿ ಸಾಗಿಸುವುದು. ಆದರೂ ಏರ್‌ಡ್ರಾಪಿಗೂ ಆಂಡ್ರಾಯ್ಡಿನ ಕ್ವಿಕ್ ಶೇರಿಗೂ ವರ್ಷಗಟ್ಟಲೆ ಮಾತುಕತೆ ಇರಲಿಲ್ಲ. ನಡುವೆ ಸಂಧಾನ ಮಾಡುತ್ತಿದ್ದ ಶೇರ್‌ಇಟ್, ಝೆಂಡರ್‌ಗಳನ್ನು 2020ರ ಜೂನಿನಲ್ಲಿ ಸರ್ಕಾರ ಉಳಿದ ಚೀನೀ ಆ್ಯಪುಗಳ ಜೊತೆ ನಿಷೇಧಿಸಿತು. ಹಾಗಾಗಿ ಷಡ್ಡಕರು ನನ್ನ ಫೋನಿಗೆ ಲೋಕಲ್‌ಸೆಂಡ್ ಎಂಬ ಆ್ಯಪ್ ಹಾಕಿಸಿದರು. ಅದು ಒಂದೊಂದು ಫೋನಿಗೂ ಹಣ್ಣು ತರಕಾರಿಯ ಹೆಸರಿಡುತ್ತದೆ. ನನ್ನದು ಆಲೂಗಡ್ಡೆ ಆಯಿತು. ಎರಡೂ ಫೋನು ಒಂದೇ ವೈಫೈಯಲ್ಲಿರಬೇಕು. ಛತ್ರದ ಪಾಸ್‌ವರ್ಡ್ ಗೊತ್ತಿದ್ದ ಮ್ಯಾನೇಜರು ಊಟಕ್ಕೆ ಹೋಗಿದ್ದರು. ಷಡ್ಡಕರೇ ಹಾಟ್‌ಸ್ಪಾಟ್ ಹಾಕಿದರು. ಆದರೂ ಆಲೂಗಡ್ಡೆ ಅವರಿಗೆ ಕಾಣಲೊಲ್ಲದು! ಲೋಕಲ್ ನೆಟ್‌ವರ್ಕ್ ಬಳಸಲೇ ಎಂದು ಐಫೋನ್ ಕೇಳಿದಾಗ ಇವರು ಬೇಡವೆಂದು ಒತ್ತಿದ್ದರಂತೆ. ಸೆಟ್ಟಿಂಗ್ಸ್ ಹೊಕ್ಕು ಅದನ್ನು ಸರಿಮಾಡುವಷ್ಟರಲ್ಲಿ ಹೋಳಿಗೆ ಬಂದು ಹೋಯಿತು. ಎಡಗೈಯಲ್ಲಿ ಫೋನ್ ಹಿಡಿದು ಕೂತ ನನ್ನನ್ನು ಬಡಿಸುವವರು ಊಟ ಮುಗಿದವನೆಂದೇ ತಿಳಿದರು. ತುಪ್ಪವೂ ದಾಟಿತು.

ಇವರಿಗೆ ಬೇರೆ ಚಟಗಳೂ ಉಂಟು: ಲೆನ್ಸನ್ನು ಪಂಚೆಯ ತುದಿಯಲ್ಲಿ ಒರೆಸುವುದು, ಚಾರ್ಜರ್ ಮಾತ್ರ ಯಾರಿಗೂ ಕೊಡದಿರುವುದು.

ಆದರೆ ಮಾವನವರ ಸಹಸ್ರಚಂದ್ರ ದರ್ಶನ ಶಾಂತಿಗೆ ಬ್ಯಾನರ್ ಮಾಡಿಸಲು ಹೋದಾಗ, ಅಂಗಡಿಯ ಹುಡುಗ ನಾನು ಒಯ್ದ ವಾಟ್ಸಾಪ್ ಫೋಟೋ ಹಿಗ್ಗಿಸಿದ. ಮಾವನವರ ಮೂಗು ಚೌಕ ಚೌಕವಾಯಿತು. ಒದಗಿ ಬಂದದ್ದು ಷಡ್ಡಕರ ಪೆನ್‌ಡ್ರೈವು. ಅದರಲ್ಲಿದ್ದ ಫೋಟೋದಲ್ಲಿ ಮಾವನವರು ಹಲ್ಲುಸೆಟ್ಟು ತೆಗೆದಿಟ್ಟು, ಯಾರದೋ ಮಾತಿಗೆ ಬಾಯ್ತುಂಬ ನಗುತ್ತಿದ್ದರು. ಬ್ಯಾನರ್ ನೋಡಿ, "ನಾನು ಹೀಗೂ ನಗ್ತೀನಾ?" ಎಂದು ಕೇಳಿದರು. ಅವರು ಹಾಗೆ ನಕ್ಕಾಗ ನಾವೂ ಅಲ್ಲೇ ಇದ್ದೆವು, ಎಲ್ಲರ ಕೈಯಲ್ಲೂ ಫೋನಿತ್ತು. ನಾವೆಲ್ಲ ತೆಗೆದದ್ದು ನಮ್ಮ ನಮ್ಮ ಸೆಲ್ಫಿ.

2025ರ ನವೆಂಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ 10ರ ಕ್ವಿಕ್ ಶೇರ್ ಏರ್‌ಡ್ರಾಪಿಗೂ ಕಳಿಸುತ್ತದೆ ಎಂದಾಗ ನನಗಾದ ಆನಂದ ಅಷ್ಟಿಷ್ಟಲ್ಲ. ಸುದ್ದಿಯನ್ನು ಷಡ್ಡಕರಿಗೆ ವಾಟ್ಸಾಪಿನಲ್ಲೇ ಕಳಿಸಿದೆ. ಉತ್ತರ ತಕ್ಷಣ ಬಂತು: "ಸಂತೋಷ ಭಾವ. ನಾನು ಏರ್‌ಡ್ರಾಪನ್ನ ಎಲ್ಲರಿಗೂ ಅಂತ ಇಡಬೇಕಂತೆ. ಅದು ಇರೋದು ಹತ್ತೇ ನಿಮಿಷ. ಅಷ್ಟರಲ್ಲಿ ಹೊಸ ಫೋನ್ ತಗೊಂಡು ಬಂದ್ಬಿಡಿ."